ಪದಕ ಪಡೆದ ಯೋಧರ ಸಿನಿಮಾ: ಮಕ್ಕಳಿಗೆ ಯಾವುದನ್ನು ತೋರಿಸೋಣ?

ಜುಲೈ 26 ಹತ್ತಿರ ಬಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. ಕಾರ್ಗಿಲ್ ವಿಜಯ ದಿವಸಕ್ಕೆ ಯಾವ ಸಿನಿಮಾ ಹಾಕೋಣ? ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹಾಗಾಗಿ ಆರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಗಣಿತದ ಮೇಷ್ಟ್ರಿಗೆ ಪ್ರೊಜೆಕ್ಟರ್, ಪಿ.ಇ. ಮೇಷ್ಟ್ರಿಗೆ ಮಕ್ಕಳನ್ನು ಸಾಲಾಗಿ ಕೂರಿಸುವುದು, ನನಗೆ ಸಿನಿಮಾ.

2019ರಲ್ಲಿ ಕಾರ್ಗಿಲ್‌ಗೆ ಇಪ್ಪತ್ತು ವರ್ಷ ತುಂಬಿತೆಂದು 'ಬಾರ್ಡರ್' ಹಾಕಿದೆವು. ಅದು ಕಾರ್ಗಿಲ್ ಕಥೆಯೇ ಅಲ್ಲ, 1971ರ ಯುದ್ಧದ್ದು. ಆದರೂ ಯಾರೂ ಬೇಡ ಅನ್ನಲಿಲ್ಲ. ಸನ್ನಿ ಡಿಯೋಲ್ ಕೂಗಿದರೆ ಸಾಕು, ಹಿಂದಿ ಬಾರದ ಮಕ್ಕಳಿಗೂ ಅರ್ಥವಾಗುತ್ತದೆ. ಅತಿಥಿಯಾಗಿ ಊರಿನ ಒಬ್ಬ ನಿವೃತ್ತ ಹವಾಲ್ದಾರರನ್ನು ಕರೆದಿದ್ದೆವು. ಸುನಿಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರ ಸಾಯುವ ಹೊತ್ತಿಗೆ ಎಂಟನೇ ಕ್ಲಾಸಿನ ಹುಡುಗಿಯರ ಸಾಲಿನಿಂದ ಮೂಗು ಸೊರಗುಟ್ಟುವ ಸದ್ದು ಬರುತ್ತಿತ್ತು. ಸಿನಿಮಾ ಮುಗಿಯಿತು. ಹವಾಲ್ದಾರರು ಮೈಕ್ ಹಿಡಿದು ಹೇಳಿದ್ದು ಇಷ್ಟೇ: "ಮಕ್ಕಳೇ, ಅಳಬೇಡಿ. ಆ ಭೈರೋನ್ ಸಿಂಗ್ ಜೋಧಪುರದ ಕಡೆ ಆರಾಮಾಗಿದ್ದಾರೆ."

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ, "ಹಂಗಾದ್ರೆ ಸಾರ್, ಬಾಕಿಯವ್ರೂ ಬದುಕಿದಾರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಪದಕ ಪಡೆದ ಯೋಧರ ಸಿನಿಮಾ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವ ಚಟ ಹತ್ತಿತು. ಮನೆಯವರಿಗೆ ಇದು ಕಿರಿಕಿರಿ. ಅದು ಬೇರೆ ವಿಷಯ.

ಅಳತೆಗೋಲು ಯಾವುದು?

ಸಿನಿಮಾ ಎಂದ ಮೇಲೆ ಬದಲಾವಣೆ ಇದ್ದೇ ಇರುತ್ತದೆ. ಮೂರು ದಿನದ ಯುದ್ಧ ಮೂರು ಗಂಟೆಗೆ ಇಳಿಯಬೇಕು. ಅದಕ್ಕೆ ನನ್ನ ತಕರಾರಿಲ್ಲ. ನಾನು ಕೇಳುವುದು, ಬದಲಿಸಿದ್ದರಿಂದ ನಷ್ಟ ಯಾರಿಗಾಯಿತು ಅಂತ. ಬಂದೂಕಿನ ಮಾಡೆಲ್ ತಪ್ಪಾದರೆ ಬಂದೂಕಿಗೇನೂ ಬೇಜಾರಿಲ್ಲ. ಬದುಕಿದ್ದವನನ್ನು ಸಾಯಿಸಿದರೆ, ಒಳ್ಳೆಯವನನ್ನು ಕುಡುಕನಾಗಿ ತೋರಿಸಿದರೆ, ನಾಲ್ಕು ಜನ ಮಾಡಿದ ಕೆಲಸವನ್ನು ಒಬ್ಬನ ಲೆಕ್ಕಕ್ಕೆ ಬರೆದರೆ, ಅಲ್ಲಿ ಯಾರದೋ ಮನೆಯವರಿಗೆ ನೋವಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪುಟ.

ಈ ಮಾತು ನಮ್ಮೂರಿನವನು ಹೇಳುವಾಗ ಓಬವ್ವನನ್ನು ದಾಟಿ ಹೋಗುವ ಹಾಗಿಲ್ಲ. ಕೋಟೆ ಹತ್ತಿ ಬಂದ ಪ್ರವಾಸಿಗರು ಕಿಂಡಿ ಮುಂದೆ ನಿಂತು "ಇಷ್ಟೇನಾ?" ಅನ್ನುತ್ತಾರೆ. ಅವರ ತಲೆಯಲ್ಲಿ ಇರುವುದು 1972ರ 'ನಾಗರಹಾವು' ಸಿನಿಮಾದ ಹಾಡು. ನಮಗೂ ಅಷ್ಟೇ ಬಿಡಿ. ಓಬವ್ವ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಜಯಂತಿಯವರ ಮುಖ. ಓಬವ್ವನಿಗೆ ಯಾರೂ ಪದಕ ಕೊಡಲಿಲ್ಲ, ಕಾಗದದಲ್ಲಿ ಬರೆದಿಡಲಿಲ್ಲ. ಹೈದರಾಲಿಯ ಸೈನಿಕರು, ಊಟಕ್ಕೆ ಕೂತ ಕಾವಲುಗಾರ ಗಂಡ, ನೀರಿಗೆ ಹೋದ ಹೆಂಡತಿ, ಕೈಗೆ ಸಿಕ್ಕ ಒನಕೆ. ಬಾಯಿಂದ ಬಾಯಿಗೆ ಬಂದದ್ದೇ ದಾಖಲೆ. ಹಾಗಾಗಿ ಆ ಹಾಡನ್ನು ಯಾವ ಕಾಗದದ ಪಕ್ಕ ಇಟ್ಟು ತೂಗುವುದು? ತೂಗಲು ಆಗುವುದಿಲ್ಲ.

ಇಂದಿನ ಯೋಧರ ವಿಷಯ ಹಾಗಲ್ಲ. ಪದಕ ಕೊಡುವಾಗ ಓದುವ ಒಕ್ಕಣೆ ಇದೆ. ಅದನ್ನೇ ಸೈಟೇಶನ್ ಅನ್ನುತ್ತಾರೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಎಲ್ಲದರದ್ದೂ ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಒಂದು ಪುಟ. ಓದಲು ಹತ್ತು ನಿಮಿಷ ಬೇಡ. ಸಿನಿಮಾ ಆರಿಸುವ ಮೊದಲು ಅದನ್ನು ಓದಿಕೊಳ್ಳಿ.

ಹಾಗಂತ ಸರ್ಕಾರದ ಕಾಗದವೂ ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಟೈಗರ್ ಹಿಲ್‌ನಲ್ಲಿ ಹೋರಾಡಿದ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಮೊದಲು ಘೋಷಣೆಯಾದದ್ದು ಮರಣೋತ್ತರ ಎಂದು! ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಅದೇ ಹೆಸರಿನ ಇನ್ನೊಬ್ಬ ಯೋಧ ತೀರಿಕೊಂಡಿದ್ದರಿಂದ ಆದ ಗೊಂದಲ.

'ಬಾರ್ಡರ್': ಅರ್ಧ ನಿಜ, ಅರ್ಧ ಕಣ್ಣೀರು

1997ರ ಈ ಸಿನಿಮಾದ ತಿರುಳು ನಿಜವಾದದ್ದು. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿ 23 ಪಂಜಾಬ್‌ನ ಸುಮಾರು 120 ಜನ ಇದ್ದರು. ಎದುರಿಗೆ ಟ್ಯಾಂಕುಗಳ ದಂಡು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಠಾಣೆ ಬಿಡದೆ ರಾತ್ರಿಯಿಡೀ ತಡೆದರು. ವಾಯುಪಡೆಯ ವಿಮಾನಗಳು ರಾತ್ರಿ ಬಂದು ದಾಳಿ ಮಾಡುವಂತಿರಲಿಲ್ಲ, ಬೆಳಕು ಹರಿಯುವ ತನಕ ಕಾಯಲೇಬೇಕಿತ್ತು. ಇದಿಷ್ಟೂ ಸಿನಿಮಾದಲ್ಲಿದೆ, ಸರಿಯಾಗಿಯೇ ಇದೆ. ಬೆಳಗಾಗಲಿ ಎಂದು ಕಾಯುವ ಆ ತಳಮಳವನ್ನು ಅಷ್ಟು ಚೆನ್ನಾಗಿ ತೋರಿಸಿದ ನಮ್ಮ ಸಿನಿಮಾ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ತಪ್ಪು ಎಲ್ಲಿ? ಸತ್ತವರ ಲೆಕ್ಕದಲ್ಲಿ. ಸಿನಿಮಾದಲ್ಲಿ ಒಬ್ಬರಾದ ಮೇಲೆ ಒಬ್ಬರು ಬೀಳುತ್ತಾರೆ. ಲೋಂಗೆವಾಲಾದಲ್ಲಿ ನಿಜವಾಗಿ ಪ್ರಾಣ ಕೊಟ್ಟ ಭಾರತದ ಸೈನಿಕರು ಇಬ್ಬರು. ಅಕ್ಷಯ್ ಖನ್ನಾ ಮಾಡಿದ ಧರಂವೀರ್ ಪಾತ್ರ ಸಾಯುತ್ತದೆ, ಆ ಹೆಸರಿನ ನಿಜವಾದ ಅಧಿಕಾರಿ ಬದುಕಿ ಬಂದರು. ಭೈರೋನ್ ಸಿಂಗ್ ರಾಥೋಡ್ ಬಿಎಸ್‌ಎಫ್‌ನವರು. ಆ ರಾತ್ರಿಯ ಕೆಲಸಕ್ಕೆ 1972ರಲ್ಲಿ ಸೇನಾ ಪದಕ ಬಂತು. ಸಿನಿಮಾ ಅವರನ್ನು ಸಾಯಿಸಿದ ಮೇಲೆ ಇನ್ನೂ ಇಪ್ಪತ್ತೈದು ವರ್ಷ ಬಾಳಿದರು. 2022ರ ಡಿಸೆಂಬರ್‌ನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಪ್ರಾರ್ಥನೆ ವೇಳೆ ಅದನ್ನು ಓದಿಸಿದೆ. ಆವತ್ತು ಅತ್ತಿದ್ದ ಹುಡುಗಿಯರು ಅಷ್ಟರಲ್ಲಿ ಪಿಯುಸಿಗೆ ಹೋಗಿದ್ದರು.

ಇದು ದೊಡ್ಡ ತಪ್ಪಾ? ನನಗೆ ಹೌದು ಅನಿಸುತ್ತದೆ. ಇಷ್ಟು ಕಡಿಮೆ ಜನರನ್ನು ಕಳೆದುಕೊಂಡು ಅಷ್ಟು ದೊಡ್ಡ ದಂಡನ್ನು ತಡೆದದ್ದೇ ಚಾಂದ್‌ಪುರಿಯವರ ಹೆಚ್ಚುಗಾರಿಕೆ. ಎಲ್ಲರನ್ನೂ ಬಲಿಕೊಟ್ಟು ಗೆದ್ದರು ಅಂತ ತೋರಿಸಿದರೆ ಆ ಬುದ್ಧಿವಂತಿಕೆಯೇ ಮುಚ್ಚಿಹೋಗುತ್ತದೆ. ಮುಳ್ಳುತಂತಿ ಕಂಡ ಕೂಡಲೇ ನೆಲಬಾಂಬ್ ಇರಬಹುದೆಂದು ಎದುರಾಳಿ ಟ್ಯಾಂಕುಗಳು ನಿಂತುಬಿಟ್ಟದ್ದು, ಮರಳಲ್ಲಿ ಹೂತುಕೊಂಡದ್ದು, ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಹೊಡೆದದ್ದು, ಇವೆಲ್ಲ ಎದೆ ತಟ್ಟಿಕೊಳ್ಳುವ ಡೈಲಾಗಿಗಿಂತ ರೋಚಕ. ಚಾಂದ್‌ಪುರಿ ಅವರಿಗೆ ಮಹಾವೀರ ಚಕ್ರ ಬಂತು. 2018ರ ತನಕ ಬದುಕಿದ್ದರು.

ವಿಮಾನದ ಬಗ್ಗೆ ಒಂದು ಮಾತು. ಚಳ್ಳಕೆರೆ ಕಡೆ ಡಿಆರ್‌ಡಿಓದ ಪರೀಕ್ಷಾ ಕೇಂದ್ರ ಬಂದ ಮೇಲೆ ಆ ಭಾಗದ ಹುಡುಗರು ಆಕಾಶದಲ್ಲಿ ಏನು ಹಾರಿದರೂ ಹೆಸರು ಹೇಳುತ್ತಾರೆ. ಲೋಂಗೆವಾಲಾದಲ್ಲಿ ಟ್ಯಾಂಕ್‌ಗಳ ಮೇಲೆ ಮುಗಿಬಿದ್ದದ್ದು ಜೈಸಲ್ಮೇರ್‌ನಿಂದ ಹಾರಿದ ಹಂಟರ್ ವಿಮಾನಗಳು. ಪರದೆ ಮೇಲೆ ನಡುನಡುವೆ ಬೇರೆ ವಿಮಾನವೂ ಕಾಣುತ್ತದೆ. ಒಬ್ಬ ಹುಡುಗ ಅದನ್ನು ಹಿಡಿದುಬಿಟ್ಟ. ನನಗೆ ಅದು ಬಂದೂಕಿನ ಪುಟದ ತಪ್ಪು, ಮನುಷ್ಯರ ಪುಟದ್ದಲ್ಲ.

ಕಾರ್ಗಿಲ್‌ಗೆ ಎರಡು: 'ಶೇರ್‌ಷಾ' ಮತ್ತು 'ಎಲ್‌ಓಸಿ ಕಾರ್ಗಿಲ್'

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಹಾಸ್ಟೆಲ್‌ನಿಂದ ಫೋನ್ ಮಾಡಿದ್ದ. "ಮಾಮ, ಶೇರ್‌ಷಾ ನೋಡಿದ್ವಿ. ಅಷ್ಟೂ ನಿಜಾನಾ?" ಅಂದ. "ಬಹಳಷ್ಟು ನಿಜ ಕಣೋ, ಆದ್ರೆ ಅಷ್ಟೇ ಅಲ್ಲ" ಅಂದೆ. ಅವನಿಗೆ ತಲೆ ಕೆಟ್ಟಿರಬೇಕು.

2021ರ 'ಶೇರ್‌ಷಾ' ಕ್ಯಾಪ್ಟನ್ ವಿಕ್ರಂ ಬಾತ್ರಾ ಅವರ ಕಥೆ. ಪಾಲಂಪುರದ ಹುಡುಗ, ಅವಳಿ ತಮ್ಮ, ಸೋಪೋರ್‌ನಲ್ಲಿ ಪೋಸ್ಟಿಂಗ್, 13 ಜಮ್ಮು ಕಾಶ್ಮೀರ್ ರೈಫಲ್ಸ್, ಪಾಯಿಂಟ್ 5140 ಅನ್ನುವ ಶಿಖರ, ಆಮೇಲೆ ಪಾಯಿಂಟ್ 4875, ಜುಲೈ 7ರಂದು ಕೊನೆ. ಎಲ್ಲವೂ ಇದ್ದಲ್ಲೇ ಇದೆ. ತಂಪು ಪಾನೀಯದ ಜಾಹೀರಾತಿನ 'ಯೇ ದಿಲ್ ಮಾಂಗೇ ಮೋರ್' ಅನ್ನುವ ಮಾತನ್ನು ಗೆಲುವಿನ ಸಂಕೇತ ಮಾಡಿಕೊಂಡಿದ್ದೂ ನಿಜ. ಅದನ್ನು ಅವರು ಟಿವಿ ಕ್ಯಾಮೆರಾ ಮುಂದೆಯೇ ಹೇಳಿದ್ದರು. ಪ್ರೇಮಕಥೆ ಕೂಡ ಕಟ್ಟಿದ್ದಲ್ಲ. ಹಾಡುಗಳು ಮಾತ್ರ ಸಿನಿಮಾದ ಹಾಡುಗಳು.

ಒಕ್ಕಣೆ ಮತ್ತು ಸಿನಿಮಾ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಬಾತ್ರಾ ಅವರ ಒಕ್ಕಣೆಯಲ್ಲಿ ಕಡಿದಾದ ಏಣಿನ ಮೇಲೆ ನುಗ್ಗಿದ್ದು, ಕೈ ಕೈ ಮಿಲಾಯಿಸಿ ಐದು ಜನರನ್ನು ಕೊಂದದ್ದು, ಗಾಯವಾದ ಮೇಲೂ ತೆವಳಿ ಗ್ರೆನೇಡ್ ಎಸೆದದ್ದು ಇದೆ. ಗಾಯಗೊಂಡ ಸಂಗಾತಿಯನ್ನು ಎಳೆದು ತರಲು ಹೋದಾಗ ಗುಂಡು ತಗುಲಿತು ಅನ್ನುವುದು ಅಲ್ಲಿಲ್ಲ. "ನಿನಗೆ ಹೆಂಡತಿ ಮಕ್ಕಳಿದ್ದಾರೆ, ನೀನು ಹಿಂದೆ ಇರು" ಎಂಬರ್ಥದ ಮಾತು ಹೇಳಿ ತಾವೇ ಮುಂದೆ ಹೋದರು ಅನ್ನುವುದು ಜೊತೆಗಿದ್ದವರು ಹೇಳಿದ್ದು. ಸಿನಿಮಾ ಅದನ್ನು ಹಿಡಿದುಕೊಂಡಿತು. ಒಕ್ಕಣೆಯಲ್ಲಿ ಇಲ್ಲದ ಮಾತ್ರಕ್ಕೆ ಅದನ್ನು ಕಟ್ಟುಕತೆ ಅನ್ನುವ ಹಾಗಿಲ್ಲ. ಅದೇ ಪಾಯಿಂಟ್ 4875ರಲ್ಲಿ ಗ್ರೆನೇಡ್ ಸಿಡಿದು ಕಾಲಿಗೆ ಪೆಟ್ಟಾದ ಕ್ಯಾಪ್ಟನ್ ನವೀನ್ ನಾಗಪ್ಪ ನಮ್ಮ ಹುಬ್ಬಳ್ಳಿಯವರು. ತಮ್ಮನ್ನು ಬಾತ್ರಾ ಹೇಗೆ ಎಳೆದು ತಂದರು ಅನ್ನುವುದನ್ನು ಅವರ ಬಾಯಲ್ಲೇ ಕೇಳಬಹುದು, ಮಾತುಗಳು ಅಂತರ್ಜಾಲದಲ್ಲಿವೆ. ಮಕ್ಕಳಿಗೆ ಸಿನಿಮಾ ಆದ ಮೇಲೆ ಅದನ್ನು ಕೇಳಿಸಿ. ನೂರು ಪಾಠಕ್ಕೆ ಸಮ.

'ಶೇರ್‌ಷಾ'ದ ಕೊರತೆ ಬೇರೆ ಕಡೆ ಇದೆ. ಒಬ್ಬರ ಮೇಲೆ ದೀಪ ಬಿದ್ದರೆ ಪಕ್ಕದವರು ಕತ್ತಲಿಗೆ ಹೋಗುತ್ತಾರೆ. ಅದೇ ಪಲ್ಟನ್ನಿನ ರೈಫಲ್‌ಮನ್ ಸಂಜಯ್ ಕುಮಾರ್ ಅದೇ 4875ರ ಇಳಿಜಾರಿನಲ್ಲಿ ಹೋರಾಡಿ ಪರಮವೀರ ಚಕ್ರ ಪಡೆದವರು. ಕಾರ್ಗಿಲ್‌ನ ನಾಲ್ಕು ಪರಮವೀರ ಚಕ್ರಗಳಲ್ಲಿ ಎರಡು ಒಂದೇ ಪಲ್ಟನ್ನಿಗೆ. ಸಿನಿಮಾ ನೋಡಿ ಹೊರಬಂದ ಮಕ್ಕಳಲ್ಲಿ ಒಬ್ಬರಿಗೂ ಅವರ ಹೆಸರು ನೆನಪಿರಲಿಲ್ಲ. ನಾನು ಕೇಳಿ ನೋಡಿದ್ದೇನೆ.

2003ರ 'ಎಲ್‌ಓಸಿ ಕಾರ್ಗಿಲ್' ಈ ಕೊರತೆ ತುಂಬಲು ಹೊರಟಿತು. ಪಲ್ಟನ್ನುಗಳ ನಿಜವಾದ ಹೆಸರು, ಅಧಿಕಾರಿಗಳ ನಿಜವಾದ ಹೆಸರು. ಬಾತ್ರಾ ಆಗಿ ಅಭಿಷೇಕ್ ಬಚ್ಚನ್, ಮನೋಜ್ ಪಾಂಡೆ ಆಗಿ ಅಜಯ್ ದೇವಗನ್, ಯಾದವ್ ಆಗಿ ಮನೋಜ್ ಬಾಜಪೇಯಿ, ಪದ್ಮಪಾಣಿ ಆಚಾರ್ಯ ಆಗಿ ನಾಗಾರ್ಜುನ. ಯಾರನ್ನೂ ಬಿಟ್ಟಿಲ್ಲ. ಅದೇ ತೊಂದರೆ. ನಾಲ್ಕು ಗಂಟೆಗೂ ಜಾಸ್ತಿ ಓಡುತ್ತದೆ. ಎಲ್ಲರ ಮುಖದ ಮೇಲೂ ಅದೇ ಮಣ್ಣು, ಅದೇ ಟೋಪಿ. ಒಂದು ಗಂಟೆ ಕಳೆಯುವ ಹೊತ್ತಿಗೆ ಯಾರು ಯಾವ ಬೆಟ್ಟದಲ್ಲಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಜಾಸ್ತಿ ಪ್ರಾಮಾಣಿಕ, ನೆನಪಿನಲ್ಲಿ ಕಡಿಮೆ ಉಳಿಯುತ್ತದೆ.

ಆದರೂ ದಾವಣಗೆರೆಯವರು ಆ ಸಿನಿಮಾದ ಟೋಲೋಲಿಂಗ್ ಭಾಗವನ್ನಾದರೂ ನೋಡಲೇಬೇಕು. ಟೋಲೋಲಿಂಗ್ ಬೆಟ್ಟವನ್ನು 1999ರ ಜೂನ್ 13ರಂದು ವಶಪಡಿಸಿಕೊಂಡದ್ದು 2 ರಾಜಪುತಾನಾ ರೈಫಲ್ಸ್. ಅದರ ಕಮಾಂಡಿಂಗ್ ಆಫೀಸರ್ ಎಂ.ಬಿ. ರವೀಂದ್ರನಾಥ್ ದಾವಣಗೆರೆ ಮೂಲದವರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ವೀರ ಚಕ್ರ ಬಂತು. 2018ರಲ್ಲಿ ತೀರಿಕೊಂಡರು. ಕಾರ್ಗಿಲ್ ಯುದ್ಧದ ದಿಕ್ಕು ತಿರುಗಿದ್ದು ಟೋಲೋಲಿಂಗ್‌ನಿಂದ ಅಂತ ಸೈನ್ಯದವರೇ ಹೇಳುತ್ತಾರೆ. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಆಚೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮಾಮ, ಇಲ್ಲಿ ಯಾರಿಗೂ ಗೊತ್ತೇ ಇಲ್ವಲ್ಲ!" ಅಂದ. ಬೆಣ್ಣೆದೋಸೆ ಹೋಟೆಲ್ ಯಾವುದು ಒಳ್ಳೆಯದು ಅಂತ ಗಂಟೆಗಟ್ಟಲೆ ಜಗಳ ಆಡುವ ಊರು. ಇದನ್ನೂ ಸ್ವಲ್ಪ ಮಾತಾಡಲಿ.

ಅಶೋಕ ಚಕ್ರದ ಇಬ್ಬರು ಮೇಜರ್‌ಗಳು

ಮೊದಲು ಒಂದು ಸಣ್ಣ ವ್ಯತ್ಯಾಸ. ಪರಮವೀರ ಚಕ್ರ ಶತ್ರು ಸೈನ್ಯದ ಎದುರು ತೋರಿದ ಶೌರ್ಯಕ್ಕೆ. ಅಶೋಕ ಚಕ್ರ ಯುದ್ಧಭೂಮಿಯ ಆಚೆ ತೋರಿದ ಶೌರ್ಯಕ್ಕೆ. ಭಯೋತ್ಪಾದಕರ ಜೊತೆಗಿನ ಕಾದಾಟ ಎರಡನೆಯದರಲ್ಲಿ ಬರುತ್ತದೆ. ಮಕ್ಕಳು ಇದನ್ನು ಸದಾ ಕಲಸಿಬಿಡುತ್ತಾರೆ.

2022ರ 'ಮೇಜರ್' ಬೆಂಗಳೂರಿನಲ್ಲಿ ಬೆಳೆದ ಸಂದೀಪ್ ಉನ್ನಿಕೃಷ್ಣನ್ ಅವರದ್ದು. ಮುಂಬೈ ತಾಜ್ ಹೋಟೆಲ್, 2008ರ ನವೆಂಬರ್ 28. 2024ರ 'ಅಮರನ್' ಚೆನ್ನೈನ ಮುಕುಂದ್ ವರದರಾಜನ್ ಅವರದ್ದು. ಕಾಶ್ಮೀರದ ಶೋಪಿಯಾನ್, 2014ರ ಏಪ್ರಿಲ್ 25, 44 ರಾಷ್ಟ್ರೀಯ ರೈಫಲ್ಸ್. ಎರಡರಲ್ಲೂ ದಿನ, ಜಾಗ, ಪಲ್ಟನ್ ಸರಿ ಇದೆ.

ಗಾಯಗೊಂಡ ಕಮಾಂಡೋ ಸುನಿಲ್ ಯಾದವ್ ಅವರನ್ನು ಹೊರಗೆ ಕಳಿಸಿ, ಸಂದೀಪ್ ಒಬ್ಬರೇ ಮುಂದೆ ನುಗ್ಗಿದ್ದು ದಾಖಲೆಯಲ್ಲಿರುವ ಸಂಗತಿ. ಸಿನಿಮಾ ಆ 'ಒಬ್ಬರೇ' ಅನ್ನುವುದನ್ನು ಹಿಡಿದು ಜಗ್ಗಿ ಜಗ್ಗಿ ಉದ್ದ ಮಾಡಿತು. ಕೊನೆಯ ಭಾಗ ಪೂರ್ತಿ ಫೈಟ್. ತಾಜ್‌ನಲ್ಲಿ ಇಡೀ ಎನ್‌ಎಸ್‌ಜಿ ಕಮಾಂಡೋ ತಂಡ ಇತ್ತು ಅನ್ನುವುದೇ ಮರೆತುಹೋಗುತ್ತದೆ. ಆದರೆ ಅಪ್ಪ ಅಮ್ಮನ ದೃಶ್ಯಗಳಿವೆಯಲ್ಲ, ಅಲ್ಲಿ ಒಂದು ಚೂರೂ ಸುಳ್ಳು ಅನಿಸುವುದಿಲ್ಲ. 'ಅಮರನ್' ಕಥೆಯನ್ನು ಹೆಂಡತಿಯ ಕಣ್ಣಿನಿಂದ ಹೇಳುತ್ತದೆ. ಗಂಡ ದೂರದಲ್ಲಿದ್ದಾನೆ, ಫೋನ್ ಬರಬೇಕು, ಬಂದರೂ ಎರಡು ನಿಮಿಷ. ಸೈನಿಕರ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಎರಡರಲ್ಲಿ ಒಂದು ಅಂದರೆ ನಾನು 'ಅಮರನ್' ಅನ್ನುತ್ತೇನೆ, ಕೂದಲೆಳೆಯಷ್ಟು ಅಂತರದಲ್ಲಿ.

ಒಂದು ಅನುಕೂಲದ ವಿಷಯ. 'ಮೇಜರ್' ತೆಲುಗಿನಲ್ಲೂ ತೆಗೆದ ಸಿನಿಮಾ. 'ಅಮರನ್' ತೆಲುಗು ಡಬ್ಬಿಂಗ್ ಇದೆ. ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಮಕ್ಕಳಿಗೆ ಹಿಂದಿಗಿಂತ ತೆಲುಗು ಸಲೀಸು. ಸಬ್‌ಟೈಟಲ್ ಓದುವ ಕಷ್ಟ ತಪ್ಪುತ್ತದೆ.

ಕೊಡಗಿನ ದೇವಯ್ಯ, ಸಾರಾಗಢಿಯ ಇಪ್ಪತ್ತೊಂದು ಜನ

2025ರ 'ಸ್ಕೈ ಫೋರ್ಸ್' ಕನ್ನಡಿಗರಿಗೆ ಹತ್ತಿರದ ಕಥೆ. ಆದರೆ ಸಿನಿಮಾ ನೋಡಿದರೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಹೆಸರು ಬದಲಾಗಿದೆ. ಅಸಲಿ ವ್ಯಕ್ತಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಎದುರಾಳಿಯ ಸ್ಟಾರ್‌ಫೈಟರ್ ವಿಮಾನವನ್ನು ಬೀಳಿಸಿದರು. ಸ್ಕೂಟರ್ ಹೋಗಿ ಬುಲೆಟ್ ಬೈಕನ್ನು ಹಿಂದೆ ಹಾಕಿದ ಹಾಗೆ. ಅವರು ವಾಪಸ್ ಬರಲಿಲ್ಲ. ಏನಾಯಿತು ಅನ್ನುವುದು ನಮ್ಮವರಿಗೆ ತಿಳಿದದ್ದೇ ಎಷ್ಟೋ ವರ್ಷದ ಮೇಲೆ, ಹೊರದೇಶದವರು ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ತಡ!

ಹೆಸರು ಬದಲಿಸಿದರೆ ಒಂದು ಲಾಭ ಇದೆ. ಏನು ಬೇಕಾದರೂ ಸೇರಿಸಿಕೊಳ್ಳಬಹುದು, ಯಾರ ಮನೆಯವರಿಗೂ ಅನ್ಯಾಯವಾಗುವುದಿಲ್ಲ. ಆದರೆ 23 ವರ್ಷ ಯಾರಿಗೂ ಬೇಡವಾಗಿದ್ದ ಮನುಷ್ಯನಿಗೆ ಕೊನೆಗೂ ಒಂದು ಸಿನಿಮಾ ಬಂತು, ಅದರಲ್ಲೂ ಅವರ ಹೆಸರಿಲ್ಲ ಅಂದರೆ? ಇದನ್ನು ಹಾಕುವುದಾದರೆ ಮೊದಲು ಬೋರ್ಡಿನ ಮೇಲೆ 'ದೇವಯ್ಯ' ಅಂತ ದೊಡ್ಡದಾಗಿ ಬರೆದು ಆಮೇಲೆ ಹಾಕಿ.

2019ರ 'ಕೇಸರಿ'ಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1897ರ ಸೆಪ್ಟೆಂಬರ್ 12, ಸಾರಾಗಢಿ, 36ನೇ ಸಿಖ್ ಪಲ್ಟನ್ನಿನ 21 ಜನ ಕೊನೆಯವರೆಗೂ ಹೋರಾಡಿದ್ದು, 21 ಜನರಿಗೂ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಸಿಕ್ಕಿದ್ದು, ಎಲ್ಲ ನಿಜ. ಆಗ ಭಾರತೀಯ ಸೈನಿಕನಿಗೆ ಸಿಗಬಹುದಾಗಿದ್ದ ದೊಡ್ಡ ಪದಕ ಅದೇ. ಈಶರ್ ಸಿಂಗ್ ಅವರ ಹಿಂದಿನ ಕಥೆ ಮತ್ತು ಆ ಕೇಸರಿ ಪೇಟ ಸಿನಿಮಾದವರದ್ದು. ಅವರು ತೊಟ್ಟಿದ್ದು ಖಾಕಿ. ಬಣ್ಣ ಚೆನ್ನಾಗಿದೆ, ಅಷ್ಟೇ.

ಹೊರದೇಶದ್ದು ನೋಡುವುದಾದರೆ

'ಹ್ಯಾಕ್ಸಾ ರಿಡ್ಜ್' (2016) ದೊಡ್ಡ ಮಕ್ಕಳಿಗೆ ಮಾತ್ರ. ರಕ್ತ ಜಾಸ್ತಿ. ಆದರೆ ಈ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಡೆಸ್ಮಂಡ್ ಡಾಸ್ ಬಂದೂಕು ಮುಟ್ಟಲ್ಲ ಅಂತ ಹಟ ಹಿಡಿದ ಅಮೆರಿಕದ ಸೈನಿಕ, ಗಾಯಗೊಂಡವರಿಗೆ ಔಷಧ ಹಚ್ಚುವವನು. 1945ರಲ್ಲಿ ಓಕಿನಾವಾದ ಬಂಡೆಯ ಮೇಲಿನಿಂದ 75 ಜನರನ್ನು ಹಗ್ಗ ಕಟ್ಟಿ ಇಳಿಸಿದ. ಅಮೆರಿಕದ ಅತಿ ದೊಡ್ಡ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. ಈ 75 ಅನ್ನುವ ಅಂಕಿಯ ಕಥೆಯೇ ಚೆಂದ. ಸೈನ್ಯದವರು ನೂರು ಜನ ಅಂದರು. ಡಾಸ್ ಐವತ್ತಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ ಅಂದ. ಕೊನೆಗೆ ಮಧ್ಯದ ಅಂಕಿಗೆ ಒಪ್ಪಿಕೊಂಡರು. ಎಪಿಎಂಸಿಯಲ್ಲಿ ಶೇಂಗಾ ರೇಟು ಮುಗಿಸಿದ ಹಾಗೆ. ಪದಕದ ಒಕ್ಕಣೆಯಲ್ಲೂ ಇಂಥ ಹೊಂದಾಣಿಕೆ ಇರುತ್ತದೆ ನೋಡಿ.

ಸಿನಿಮಾ ಸೇರಿಸಿದ್ದೂ ಇದೆ. ಬಂಧನದಲ್ಲಿದ್ದು ಮದುವೆಗೆ ಹೋಗಲು ಆಗದ ದೃಶ್ಯ ಸುಳ್ಳು, ಮದುವೆ ಅದಕ್ಕೂ ಮೊದಲೇ ಆಗಿತ್ತು. ಓಕಿನಾವಾಗಿಂತ ಮೊದಲು ಗುವಾಮ್ ಮತ್ತು ಲೇಟೆ ದ್ವೀಪಗಳಲ್ಲಿ ದುಡಿದದ್ದನ್ನು ಬಿಟ್ಟೇಬಿಟ್ಟರು. ಆದರೆ ದೊಡ್ಡ ಆಶ್ಚರ್ಯ ಬೇರೆ. ಕೊನೆಗೆ ಗಾಯಗೊಂಡು ಡೋಲಿಯ ಮೇಲೆ ಹೋಗುವಾಗ ಇನ್ನೊಬ್ಬ ಗಾಯಾಳು ಕಂಡು, ತಾನು ಇಳಿದು ಅವನಿಗೆ ಜಾಗ ಬಿಟ್ಟುಕೊಟ್ಟ. ಅಲ್ಲಿ ಮತ್ತೆ ಗುಂಡು ತಗುಲಿ ತೋಳಿನ ಮೂಳೆ ಪುಡಿಯಾಯಿತು. ಒಂದು ಬಂದೂಕಿನ ಹಿಡಿಯನ್ನು ತೋಳಿಗೆ ಕಟ್ಟಿಕೊಂಡು ಮುನ್ನೂರು ಗಜ ತೆವಳಿದ. ಬಂದೂಕು ಮುಟ್ಟಲ್ಲ ಅಂದವನು ಕೊನೆಗೆ ಬಂದೂಕನ್ನು ಬಳಸಿದ್ದು ಮುರಿದ ಕೈಗೆ ಆಸರೆ ಕೊಡಲು! ಇದು ಒಕ್ಕಣೆಯಲ್ಲೇ ಇದೆ. ಜನ ನಂಬಲಿಕ್ಕಿಲ್ಲ ಅಂತ ಸಿನಿಮಾದವರು ಇದನ್ನು ಕೈಬಿಟ್ಟರು.

'ಟು ಹೆಲ್ ಅಂಡ್ ಬ್ಯಾಕ್' (1955) ಇನ್ನೂ ವಿಚಿತ್ರ. ಮೆಡಲ್ ಆಫ್ ಆನರ್ ಪಡೆದ ಆಡೀ ಮರ್ಫಿ ತನ್ನ ಪಾತ್ರವನ್ನು ತಾನೇ ಮಾಡಿದ. ಹಾಗಾದರೂ ತಪ್ಪಿಲ್ಲದೆ ಬಂತಾ? ಇಲ್ಲ. ನಿಜವಾದ ಕಾಳಗ 1945ರ ಜನವರಿಯಲ್ಲಿ, ನೆಲದ ತುಂಬ ಹಿಮ. ಸಿನಿಮಾದಲ್ಲಿ ಹಸಿರು ಹುಲ್ಲು. ಉರಿಯುತ್ತಿದ್ದ ವಾಹನದ ಮೇಲೆ ಹತ್ತಿ ಗುಂಡು ಹಾರಿಸಿದ್ದು ನಿಜ, ಸಿನಿಮಾದಲ್ಲಿ ವಾಹನ ಬೇರೆ. ಇವೆಲ್ಲ ಬಂದೂಕಿನ ಪುಟಕ್ಕೆ.

ಮನುಷ್ಯರ ಪುಟಕ್ಕೆ ಬರುವುದು 'ಜುಲು' (1964). 1879ರಲ್ಲಿ ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್ ಕಾಳಗದಲ್ಲಿ ಹನ್ನೊಂದು ಜನರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಅವರಲ್ಲಿ ಒಬ್ಬ ಹೆನ್ರಿ ಹುಕ್. ಸಿನಿಮಾದಲ್ಲಿ ಅವನು ಕುಡುಕ, ಮೈಗಳ್ಳ. ನಿಜದಲ್ಲಿ ಹೆಂಡ ಮುಟ್ಟದ, ಚರ್ಚ್‌ಗೆ ನಡೆದುಕೊಳ್ಳುತ್ತಿದ್ದ ಮನುಷ್ಯ. ಪಾತ್ರಕ್ಕೆ ಒಂದು ತಿರುವು ಬೇಕಿತ್ತು, ಕೆಟ್ಟವನು ಒಳ್ಳೆಯವನಾಗಬೇಕಿತ್ತು, ಅದಕ್ಕೆ ಇವನು ಸಿಕ್ಕ. ಮೊದಲ ಪ್ರದರ್ಶನಕ್ಕೆ ಬಂದ ಅವನ ವಯಸ್ಸಾದ ಹೆಣ್ಣುಮಕ್ಕಳು ಮಧ್ಯದಲ್ಲೇ ಎದ್ದು ಹೋದರು ಅನ್ನುವ ಮಾತಿದೆ. ಸಿನಿಮಾವಾಗಿ 'ಜುಲು' ಅದ್ಭುತ. ಆದರೂ ನಾನು ಮಕ್ಕಳಿಗೆ ತೋರಿಸುವುದಿಲ್ಲ.

ಹಾಗಾದರೆ ಯಾವುದು?

ಹೈಸ್ಕೂಲ್, ಅರ್ಧ ದಿನದ ಕಾರ್ಯಕ್ರಮ, ನಡುವೆ ಕರೆಂಟ್ ಹೋಗುವ ಭಯ ಅಂದರೆ 'ಶೇರ್‌ಷಾ'. ಎರಡೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೊದಲು ಐದು ನಿಮಿಷ ಒಕ್ಕಣೆ ಓದಿ, ಕೊನೆಗೆ ಸಂಜಯ್ ಕುಮಾರ್ ಹೆಸರು ಹೇಳಿ. ಕಾಲೇಜಿನವರು ವಾರಾಂತ್ಯಕ್ಕೆ ಹಾಸ್ಟೆಲ್‌ನಲ್ಲಿ ನೋಡುವುದಾದರೆ 'ಹ್ಯಾಕ್ಸಾ ರಿಡ್ಜ್', ಪಕ್ಕದಲ್ಲಿ ಡಾಸ್‌ನ ಒಕ್ಕಣೆ. ಮಂಡಕ್ಕಿ ಮೆಣಸಿನಕಾಯಿ ತಣ್ಣಗಾಗುವುದರೊಳಗೆ ವಾದ ಶುರುವಾಗುತ್ತದೆ, ನನ್ನ ಅಕ್ಕನ ಮಗನ ರೂಮಿನಲ್ಲಿ ಆಗಿದೆ. ಮನೆಯವರೆಲ್ಲ ಕೂತು ನೋಡುವುದಾದರೆ 'ಅಮರನ್', ಕರ್ಚೀಫ್ ಇರಲಿ. ಕನ್ನಡದಲ್ಲೇ ಬೇಕು ಅನ್ನುವವರಿಗೆ 1990ರ 'ಮುತ್ತಿನಹಾರ' ಇದ್ದೇ ಇದೆ. ವಿಷ್ಣುವರ್ಧನ್ ಮಾಡಿದ ಅಚ್ಚಪ್ಪ ಕಲ್ಪನೆಯ ಯೋಧ, ಆದ್ದರಿಂದ ಒಕ್ಕಣೆ ಹುಡುಕುವ ಗೋಜಿಲ್ಲ.

ಯಾವುದನ್ನು ಹಾಕಿದರೂ ಶುರುವಿನಲ್ಲಿ ಬರುವ ಸಣ್ಣ ಅಕ್ಷರದ ಸೂಚನೆಯನ್ನು ನಿಲ್ಲಿಸಿ ಓದಿ. 'ನಿಜ ಘಟನೆಯಿಂದ ಪ್ರೇರಿತ' ಅಂದರೆ ಕೈ ಬಿಚ್ಚಿ ಸೇರಿಸಿದ್ದಾರೆ ಅಂತ ಅರ್ಥ. ಅದು ಸರ‍್ರನೆ ಹೋಗಿಬಿಡುತ್ತದೆ, ಬೇಕಂತಲೇ.

ಈ ವರ್ಷ ನಾನು 'ಶೇರ್‌ಷಾ' ಅಂತ ಬರೆದುಕೊಟ್ಟಿದ್ದೆ. ಒಂಬತ್ತನೇ ಕ್ಲಾಸಿನವರು ಒಪ್ಪಲಿಲ್ಲ. ಕೈ ಎತ್ತಿಸಿ ನೋಡಿದರೆ ಮುಕ್ಕಾಲು ಕೈ 'ಬಾರ್ಡರ್'ಗೆ. "ಸಾರ್, ಅದ್ರಲ್ಲಿ ಯಾರ‍್ಯಾರು ನಿಜವಾಗ್ಲೂ ಬದುಕಿದ್ರು ಅಂತ ಪಟ್ಟಿ ಮಾಡ್ತೀವಿ" ಅಂದರು. ಸರಿ, ಮಾಡಿ ಅಂದೆ. ಪ್ರೊಜೆಕ್ಟರ್‌ಗೆ ಗಣಿತದ ಮೇಷ್ಟ್ರಿಗೆ ಹೇಳಿದ್ದೇನೆ. ಹವಾಲ್ದಾರರಿಗೆ ಇನ್ನೂ ಫೋನ್ ಮಾಡಬೇಕು.